ಚುಕ್ಕಿಯ ಕೂಸು

ಮಲಪ್ರಭೆ ಬಳಸಿಕೊಂಡು ಹೋಗುವ ಒಂದು ದಿಬ್ಬದ ಮೇಲೆ ಚುಕ್ಕಿಮಠವಿತ್ತು.

ಹೆಸರಿಗೆ ಮಠ. ಅಲ್ಲಿ ಗದ್ದುಗೆಯಿರಲಿಲ್ಲ, ಪಲ್ಲಕ್ಕಿಯಿರಲಿಲ್ಲ. ಆಕಾಶಕ್ಕೆ ಬಾಯಿ ತೆರೆದು ನಿಂತ ದೊಡ್ಡದೊಂದು ತಂತಿಬುಟ್ಟಿ, ಮೂರು ಕೋಣೆ, ಒಂದು ಅಡಿಗೆಮನೆ, ಅಷ್ಟೆ. ಬುಟ್ಟಿ ಚುಕ್ಕಿಗಳ ಸದ್ದು ಹಿಡಿಯುತ್ತಿತ್ತು. ಹಗಲೂ ಇರುಳೂ ಮೇಲೆ ನೋಡುತ್ತ ಕೂತವರನ್ನು ಕಂಡು ಸುತ್ತಲಿನ ಹಳ್ಳಿಯವರು ಇದೂ ಒಂದು ಮಠವೇ ಇರಬೇಕು ಅಂದುಕೊಂಡರು. ಹೆಸರು ಹಾಗೇ ನಿಂತುಬಿಟ್ಟಿತು.

ಅಲ್ಲಿನ ಗುರು ಇಂದುಮತಿ ಗಚ್ಚಿನಮಠ, ಎಪ್ಪತ್ತು ದಾಟಿದ ಹೆಂಗಸು. ಶಿಷ್ಯರಿಗೂ ಊರವರಿಗೂ ಅವರು ಅಕ್ಕೋರು. ಪಾಠ ಹೇಳುವ ಹೆಂಗಸನ್ನು ಆ ಕಡೆ ಹಾಗೆ ಕರೆಯುವುದು ರೂಢಿ. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಇಪ್ಪತ್ತೇಳು ವರ್ಷದಿಂದ ಒಂದೇ ಒಂದು ಚುಕ್ಕಿಗೆ ಕಿವಿಗೊಟ್ಟು ಕೂತಿದ್ದರು.

ಅದು ಕಣ್ಣಿಗೆ ಕಾಣುವ ಚುಕ್ಕಿಯಲ್ಲ. ಸೆಕೆಂಡಿಗೆ ಇನ್ನೂರು ಸಲ ಬಡಿಯುತ್ತದೆ, ದಣಿಯುವುದಿಲ್ಲ. ಅಕ್ಕೋರು ಪ್ರತಿದಿನ ಆ ಬಡಿತ ಯಾವ ಕ್ಷಣಕ್ಕೆ ಬಂತೆಂದು ಅಳೆದು ಒಂದು ದಪ್ಪ ಪುಸ್ತಕದಲ್ಲಿ ಬರೆಯುವರು. ತಾಯಿ ತೀರಿಕೊಂಡ ದಿನವೂ ಬರೆದಿಟ್ಟು ಆಮೇಲೆ ಮಣ್ಣಿಗೆ ಹೋಗಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನ ಖಾಲಿ ಬಿದ್ದಿರಲಿಲ್ಲ, ಒಂದು ಸಾಲನ್ನು ಹೊಡೆದುಹಾಕಿರಲಿಲ್ಲ. ದೂರದ ಊರುಗಳ ಪಂಡಿತರು ಆ ಚುಕ್ಕಿಯ ಬಗ್ಗೆ ಏನಾದರೂ ಅನುಮಾನ ಬಂದರೆ ಚುಕ್ಕಿಮಠದ ಪುಸ್ತಕ ಏನು ಹೇಳುತ್ತದೆ ಎಂದು ಕೇಳುತ್ತಿದ್ದರು.

ಅಂಥ ಜಾಗಕ್ಕೆ ದಸರೆಯ ಮರುದಿನ ನಿಂಗರಾಜ ಬಂದ. ವಯಸ್ಸು ಇಪ್ಪತ್ತಾರು, ಓದಿನಲ್ಲೂ ಚುರುಕು, ಕೆಲಸದಲ್ಲೂ ಚುರುಕು. ಅವನಿಗಿದ್ದದ್ದು ಒಂದೇ ಚಾಳಿ. ಏನು ಮಾಡಿದರೂ ಮಾಡಿದ ಮರುಕ್ಷಣ ಅಕ್ಕೋರ ಮುಖ ನೋಡುವನು.

ಮಠದಲ್ಲಿ ಶಿಷ್ಯರದೇ ಅಡಿಗೆ. ನಿಂಗರಾಜ ರೊಟ್ಟಿ ಬಡಿಯಲು ಕೂತರೆ ನಾಲ್ಕು ಬಡಿತಕ್ಕೊಮ್ಮೆ ತಲೆ ಎತ್ತುವನು. ಅಕ್ಕೋರ ಹುಬ್ಬು ಏರಿದರೆ ತೆಳ್ಳಗೆ ಬಡಿಯುವನು, ಇಳಿದರೆ ಕೈ ತಡೆಯುವನು. ಕೊನೆಗೆ ಆ ರೊಟ್ಟಿ ಒಂದು ಕಡೆ ಹಾಳೆ, ಒಂದು ಕಡೆ ಹಲಗೆ.

"ನಿಂಗರಾಜ, ನನ್ನ ಮಾರಿ ಮ್ಯಾಲ ರೊಟ್ಟಿ ಐತೇನು?"

"ಇಲ್ರಿ ಅಕ್ಕೋರ."

"ಮತ್ತ ರೊಟ್ಟಿ ನೋಡು."

ಅವನು ರೊಟ್ಟಿ ನೋಡಿದ. ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೆ ಅವರ ಮುಖ ನೋಡಿದ.

ಮೂರನೆಯ ಕೋಣೆಯಲ್ಲಿ ಒಂದು ಪೆಟ್ಟಿಗೆಯಿತ್ತು. ಮಠದ ಗಡಿಯಾರ ಅದೇ. ಒಳಗೆ ಬೆಚ್ಚಗೆ ಇಟ್ಟ ಒಂದು ಹರಳು, ಅದು ಸೆಕೆಂಡಿಗೆ ಕೋಟಿ ಸಲ ಮಿಡಿಯುವುದು. ಹೊರಗೆ ಅಡಿಗೆಮನೆಯ ಪಕ್ಕದ ಕಂಬದ ಮೇಲೆ ಅಂಗೈಯಗಲದ ಆಂಟೆನಾ. ಮೇಲೆ ಹಾಯುವ ಉಪಗ್ರಹಗಳು ಹೇಳುವ ವೇಳೆಯನ್ನು ಅದು ಕೇಳಿಸಿಕೊಂಡು ಒಂದು ಕೇಬಲ್ಲಿನ ಮೂಲಕ ಪೆಟ್ಟಿಗೆಗೆ ಮುಟ್ಟಿಸುತ್ತಿತ್ತು.

ಬಂದ ವಾರದಲ್ಲೇ ಅಕ್ಕೋರು ಅವನಿಗೆ ಅದರ ಗುಟ್ಟು ಹೇಳಿಕೊಟ್ಟಿದ್ದರು. ಹರಳಿನ ಹೆಜ್ಜೆ ಬಲು ಸಮ. ಒಂದು ಮಿಡಿತಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಸಿಗುವುದಿಲ್ಲ. ಆದರೆ ದಿನಗಟ್ಟಲೆ ಅದೊಂದನ್ನೇ ನಂಬಿದರೆ ಯಾರಿಗೂ ಗೊತ್ತಾಗದ ಹಾಗೆ ದಾರಿ ಬಿಡುತ್ತದೆ. ಉಪಗ್ರಹದ ವೇಳೆ ದಿನದ ಲೆಕ್ಕಕ್ಕೆ ಕರಾರುವಾಕ್ಕು. ಆದರೆ ಆ ಮಾತು ಅಷ್ಟು ಎತ್ತರದಿಂದ ಗಾಳಿ ದಾಟಿ ಬರಬೇಕಲ್ಲ. ಒಂದು ಸೆಕೆಂಡು ಚೂರು ಮುಂಚೆ ಬರುತ್ತದೆ, ಇನ್ನೊಂದು ಚೂರು ತಡವಾಗಿ.

ಪೆಟ್ಟಿಗೆಯ ಮುಂದೆ ತಿರುವುವ ಗುಂಡಿಯೊಂದಿತ್ತು. ಉಪಗ್ರಹದ ಮಾತಿಗೆ ಹರಳು ಎಷ್ಟು ಬೇಗ ತಲೆಬಾಗಬೇಕೆಂದು ಹೇಳುವುದು ಅದರ ಕೆಲಸ. ಬಲಕ್ಕೆ ತಿರುವಿದರೆ ಹರಳು ಸೆಕೆಂಡು ಸೆಕೆಂಡಿಗೂ ಕೇಳುತ್ತದೆ. ಎಡಕ್ಕೆ ತಿರುವಿದರೆ ಇಡೀ ದಿನದ ಮಾತನ್ನು ಕೇಳಿಸಿಕೊಂಡು, ಸರಾಸರಿ ಹಿಡಿದು, ಆಮೇಲೆ ಕೂದಲೆಳೆಯಷ್ಟು ಹೊರಳುತ್ತದೆ. ಅಕ್ಕೋರು ಅದನ್ನು ಎಡಕ್ಕೇ ಇಟ್ಟಿದ್ದರು.

"ಗಳಿಗಿ ಮಾತು ಹರಳಿಗೆ ಕೇಳು, ದಿನದ ಮಾತು ಉಪಗ್ರಹಕ್ಕ ಕೇಳು," ಅಂದಿದ್ದರು. "ಇವರದನ್ನ ಅವರಿಗೆ ಕೇಳಬ್ಯಾಡ."

ನಿಂಗರಾಜ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಬರೆದುಕೊಂಡದ್ದೆಲ್ಲ ತಿಳಿದ ಹಾಗೆ ಎಂದು ಅವನ ನಂಬಿಕೆ.

ಗುಂಡಿಯ ಮೇಲೆ ಒಂದು ಪುಟ್ಟ ಪರದೆ. ಹರಳಿಗೂ ಉಪಗ್ರಹಕ್ಕೂ ಈ ಗಳಿಗೆ ಎಷ್ಟು ಅಂತರವಿದೆ ಎಂದು ಅದು ತೋರಿಸುತ್ತಿತ್ತು. ಮೂವತ್ತು, ನಲವತ್ತು, ಇಪ್ಪತ್ತೈದು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಅಷ್ಟು ಚೂರು. ಅಷ್ಟರಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಅದು ಎಂದೂ ಸೊನ್ನೆಯಾಗುತ್ತಿರಲಿಲ್ಲ, ನಿಂಗರಾಜನಿಗೆ ಅದು ಕಣ್ಣಿಗೆ ಬಿದ್ದ ಕಸದಂತೆ ಚುಚ್ಚುತ್ತಿತ್ತು.

ಯುಗಾದಿಯ ಮರುದಿನ ಅಕ್ಕೋರು ಸಂತೆಗೆ ಹೋದರು. ನಿಂಗರಾಜ ಗುಂಡಿಯನ್ನು ಬಲಕ್ಕೆ ತಿರುವಿದ.

ಪರದೆಯ ಮೇಲೆ ನಲವತ್ತು ಇದ್ದದ್ದು ಹತ್ತಾಯಿತು, ನಾಲ್ಕಾಯಿತು, ಒಂದಾಯಿತು. ಕೊನೆಗೆ ಸೊನ್ನೆ ಬಂದು ಕೂತಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಕ್ಕೋರು ಬಂದ ಕೂಡಲೇ ಕರೆದುಕೊಂಡು ಹೋಗಿ ತೋರಿಸಿದ. ಅವರು ಪರದೆ ನೋಡಿದರು. ಗುಂಡಿ ನೋಡಿದರು. ಅವನು ಅವರ ಮುಖ ನೋಡಿದ. ಅವರು ಕಾಯಿಪಲ್ಲೆಯ ಚೀಲ ಎತ್ತಿಕೊಂಡು ಒಳಗೆ ಹೋದರು. ಮೌನವೇ ಸಮ್ಮತಿ ಎಂದು ನಿಂಗರಾಜ ತಿಳಿದುಕೊಂಡ. ಎಷ್ಟೋ ಶಿಷ್ಯರು ಹೀಗೇ ಕೆಟ್ಟಿದ್ದಾರೆ.

ಮೂರನೆಯ ದಿನ ಚುಕ್ಕಿ ನಡುಗಿತು.

ಆ ತಿಂಗಳು ಚುಕ್ಕಿ ಹಗಲಲ್ಲೇ ನೆತ್ತಿಗೆ ಬರುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಬಡಿತಗಳು ತುಸು ಮುಂಚೆ ಬಂದವು, ಆಮೇಲೆ ತುಸು ತಡವಾಗಿ ಬಂದವು. ಇಪ್ಪತ್ತು ನಿಮಿಷ ಹೀಗೆ ತೂಗಾಡಿ ಮತ್ತೆ ನೆಟ್ಟಗಾದವು. ಮರುದಿನವೂ ಅದೇ ನಡುಕ, ಎರಡಕ್ಕೆ ನಾಲ್ಕು ನಿಮಿಷ ಇರುವಾಗ. ಅದರ ಮರುದಿನ ಎರಡಕ್ಕೆ ಎಂಟು ನಿಮಿಷ ಇರುವಾಗ.

ನಿಂಗರಾಜ ಲೆಕ್ಕ ಹಾಕಿದ. ಚುಕ್ಕಿಗಳು ದಿನದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುತ್ತವೆ. ನೆಲದ ಮೇಲಿನದೆಲ್ಲ ಸೂರ್ಯನ ಲೆಕ್ಕದಲ್ಲಿ ನಡೆಯುತ್ತದೆ. ಬಿಸಿಲೂ ಕರೆಂಟೂ ಊಟವೂ ಹಾಗೇ. ಈ ನಡುಕ ಮಾತ್ರ ಚುಕ್ಕಿಯ ಲೆಕ್ಕದಲ್ಲಿ ನಡೆಯುತ್ತಿತ್ತು. ಅಂದಮೇಲೆ ಇದು ನೆಲದ್ದಲ್ಲ. ಕಾಣದ್ದೇನೋ ಒಂದು, ಗ್ರಹವೇ ಇರಬೇಕು, ಚುಕ್ಕಿಯ ಸುತ್ತ ಸುತ್ತುತ್ತ ಅದನ್ನು ಆಚೆ ಈಚೆ ಎಳೆಯುತ್ತಿದೆ. ಚುಕ್ಕಿಗೊಂದು ಕೂಸಿದೆ.

ಇಪ್ಪತ್ತೇಳು ವರ್ಷದಲ್ಲಿ ಯಾರಿಗೂ ಕಾಣದ್ದು ತನಗೆ ಕಂಡಿತಲ್ಲ ಎಂದು ಅವನು ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟ. ಅವ್ವನಿಗೆ ಫೋನು ಮಾಡಿದ. ಅವ್ವನಿಗೆ ಚುಕ್ಕಿಯ ಸಂಗತಿ ಎಷ್ಟು ತಿಳಿಯಿತೋ ಬಿಟ್ಟಿತೋ, ಸಂಜೆಯೊಳಗೆ ಓಣಿಗೆಲ್ಲ ಸಕ್ಕರೆ ಹಂಚಿ, ಕೂಸಿಗೆ ಏನು ಹೆಸರಿಡುತ್ತೀ ಎಂದು ತಿರುಗಿ ಫೋನು ಮಾ‌ಡಿದಳು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅಂದರೆ ಇದೇ. ನಿಂಗರಾಜ ಹೆಸರನ್ನು ಆಗಲೇ ಆರಿಸಿಟ್ಟುಕೊಂಡಿದ್ದ. ಅದನ್ನು ಅವ್ವನಿಗೂ ಹೇಳಲಿಲ್ಲ.

ಎಂಟನೆಯ ದಿನ ಅವನು ಪಂಡಿತರ ಸಭೆಗೆ ಕಾಗದ ಬರೆದ. ಇಂಥ ಚುಕ್ಕಿಗೆ ಇಂಥ ಕೂಸು ಇದೆ, ಚುಕ್ಕಿಮಠದಲ್ಲಿ ಕಂಡಿತು ಎಂದು. ಕೂಸಿನ ಹೆಸರಿನ ಜಾಗ ಖಾಲಿ ಬಿಟ್ಟ. ಅಕ್ಕೋರ ಸಹಿಯಿಲ್ಲದೆ ಮಠದಿಂದ ಯಾವ ಕಾಗದವೂ ಹೊರಗೆ ಹೋಗುವಂತಿರಲಿಲ್ಲ. ತೆಗೆದುಕೊಂಡು ಹೋಗಿ ಅವರ ಮುಂದಿಟ್ಟ.

ಅಕ್ಕೋರು ಎರಡು ಸಲ ಓದಿದರು.

"ಅಷ್ಟು ದೂರದ ಕೂಸು, ನಿಂಗರಾಜ. ಅದಕ್ಕ ನಮ್ಮ ಭೂಮಿ ತಿರಗೂ ಲೆಕ್ಕ ಯಾರು ಹೇಳಿಕೊಟ್ರು?"

ಅಕ್ಕೋರು ಖುಷಿಯಲ್ಲಿ ತಮಾಷೆ ಮಾಡುತ್ತಿದ್ದಾರೆ ಎಂದು ಅವನು ನಕ್ಕ. ದೇವರ ಆಟ ಇರಬೇಕ್ರಿ ಅಂದ.

"ಇರಬಹುದು," ಅಂದರು ಅಕ್ಕೋರು. "ಒಂದು ಮಂಡಲ ತುಂಬಲಿ. ಇನ್ನ ನಲವತ್ತು ದಿನ."

ಕಾಗದವನ್ನು ಮಡಿಸಿ ದಪ್ಪ ಪುಸ್ತಕದ ನಡುವೆ ಇಟ್ಟರು.

ನಿಂಗರಾಜನ ಮುಖ ಸಣ್ಣದಾಯಿತು. ನಲವತ್ತು ದಿನದಲ್ಲಿ ಬೇರೆ ಯಾರಾದರೂ ಕಂಡುಬಿಟ್ಟರೆ? ಮುದುಕಿಗೆ ಹೊಟ್ಟೆಕಿಚ್ಚು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಅನ್ನಿಸಿದ್ದು ಹೋಗಲಿಲ್ಲ.

ದಿನಾ ನಡುಕ ಬಂದಾಗ ಅವನು ಅಕ್ಕೋರನ್ನು ಕರೆಯುವನು. ಅವರು ಬಂದು ನೋಡುವರು. ಬಂದದ್ದನ್ನು ಬಂದ ಹಾಗೆ ಪುಸ್ತಕದಲ್ಲಿ ಬರೆಯುವರು, ಅದೇ ದುಂಡಕ್ಷರ, ಅದೇ ಶಾಯಿ. ಅವನು ಅವರ ಮುಖದಲ್ಲಿ ಹೌದೋ ಅಲ್ಲವೋ ಎಂದು ಹುಡುಕುವನು. ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಮೂವತ್ತೆಂಟನೆಯ ದಿನದ ಹೊತ್ತಿಗೆ ಬಿಸಿಲು ನೆತ್ತಿ ಸೀಳುವಂತಾಯಿತು. ಅಡಿಗೆಮನೆಯ ಹಳೆಯ ಚಪ್ಪರ ಕೆಟ್ಟುಹೋಗಿತ್ತೆಂದು ಶಿವರಾತ್ರಿಯ ಹಿಂದಿನ ದಿನ ನಿಂಗರಾಜನೇ ನಾಲ್ಕು ಹೊಸ ತಗಡು ಹೊದಿಸಿ ಮೊಳೆ ಹೊಡೆದಿದ್ದ. ಆ ತಗಡು ಈಗ ಕಾದು ಒಳಗೆ ಕೂತವರನ್ನು ಬೇಯಿಸುತ್ತಿತ್ತು. ಬೆಳಿಗ್ಗೆ ಅಕ್ಕೋರು ಅವನನ್ನು ಕರೆದು, ಇವತ್ತೊಂದು ದಿನ ತಗಡು ಇಳಿಸು, ಒಳಗೆ ಸ್ವಲ್ಪ ಗಾಳಿಯಾಡಲಿ ಅಂದರು. ಅವನು ಇಳಿಸಿ ಹಿತ್ತಲ ಬೇವಿನ ಮರದ ಬುಡದಲ್ಲಿ ಮಲಗಿಸಿ ಬಂದ.

ಅಂದು ನಡುಕ ಬರಬೇಕಾದದ್ದು ಹನ್ನೊಂದು ನಲವತ್ತಕ್ಕೆ. ಬರಲಿಲ್ಲ. ಹನ್ನೆರಡಾಯಿತು. ಚುಕ್ಕಿ ನೆಟ್ಟಗೆ ಬಡಿಯುತ್ತಲೇ ಹೋಯಿತು.

ಅವನು ತಂತಿಗಳನ್ನೆಲ್ಲ ತಡವಿ ನೋಡಿ ಅಡಿಗೆಮನೆಗೆ ಓಡಿದ. ಅಕ್ಕೋರು ಬಯಲಾದ ಅಡಿಗೆಮನೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಬೇಳೆ ಬೇಯಿಸುತ್ತಿದ್ದರು.

"ಅಕ್ಕೋರ, ಚುಕ್ಕಿ ಇವತ್ತ ನಡಗಲಿಲ್ರಿ."

"ಬಿಸಲಿಗೆ ಕೂಸು ಮಲಗಿರಬೇಕು," ಅಂದರು. "ನಾಳೆ ಬೆಳಿಗ್ಗೆ ತಗಡು ಏರಿಸಿಬಿಡು."

ಮರುದಿನ ಬೆಳಿಗ್ಗೆ ಅವನು ತಗಡು ಏರಿಸಿ ಮೊಳೆ ಹೊಡೆದ. ಹನ್ನೊಂದೂವರೆ ದಾಟುತ್ತಲೇ ನಡುಕ ಬಂತು.

ಅವನು ಕುಣಿಯಬೇಕೆಂದು ಎದ್ದವನು ಹಾಗೇ ನಿಂತ. ಆಮೇಲೆ ನಿಧಾನಕ್ಕೆ ಅಂಗಳಕ್ಕೆ ಬಂದ. ಒಂದು ಕಡೆ ಆಂಟೆನಾದ ಕಂಬ, ಆರು ಮಾರು ಆಚೆ ಬಿಸಿಲಿಗೆ ಹೊಳೆಯುವ ತಗಡು. ಕಂಬ ನೋಡಿದ, ತಗಡು ನೋಡಿದ, ಮತ್ತೆ ಕಂಬ ನೋಡಿದ. ಅಕ್ಕೋರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು.

"ತಗಡು ರೀ," ಅಂದ. "ಉಪಗ್ರಹದ ಮಾತು ನೆಟ್ಟಗ ಒಮ್ಮೆ ಬರತೈತಿ, ತಗಡಿಗೆ ಬಡದು ಇನ್ನೊಮ್ಮೆ ಬರತೈತಿ. ಬಾವ್ಯಾಗ ಕೂಗಿದಂಗ."

"ಹೂಂ."

"ಆದ್ರ ದಿನಾ ನಾಕು ನಿಮಿಷ ಮೊದಲ ಯಾಕ ಬರತೈತ್ರಿ? ತಗಡಿಗೆ ಚುಕ್ಕಿ ಲೆಕ್ಕ ಎಲ್ಲಿಂದ ಬಂತು?"

"ಉಪಗ್ರಹ ಯಾರ ಲೆಕ್ಕದಾಗ ತಿರಗತಾವ?"

ನಿಂಗರಾಜ ಮೇಲೆ ನೋಡಿದ. ಉಪಗ್ರಹಗಳೂ ಚುಕ್ಕಿಯ ಲೆಕ್ಕದಲ್ಲೇ ತಿರುಗುತ್ತವೆ. ನಿನ್ನೆ ತಗಡಿನ ಮೇಲೆ ಹಾದ ಉಪಗ್ರಹ ಇಂದು ನಾಲ್ಕು ನಿಮಿಷ ಮುಂಚೆ ಅಲ್ಲೇ ಹಾಯುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ ಅದು. ಪರೀಕ್ಷೆಯಲ್ಲಿ ಅವನಿಗೆ ಆ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತು.

ತಗಡನ್ನು ಒಗೆದುಬಿಡಲೇ ಎಂದು ಕೇಳಿದ.

"ತಗಡು ಶಿವರಾತ್ರಿಯಿಂದ ಐತಿ," ಅಂದರು ಅಕ್ಕೋರು. "ಚುಕ್ಕಿ ನಡಗಾಕ ಹತ್ತಿದ್ದು ಯಾವಾಗಿಂದ?"

ಅವನು ಎಣಿಸಿದ. ಎಣಿಸುವ ಅಗತ್ಯವಿರಲಿಲ್ಲ, ಆದರೂ ಬೆರಳು ಮಡಿಸಿ ಎಣಿಸಿದ. ಶಿವರಾತ್ರಿಯಿಂದ ಯುಗಾದಿಯವರೆಗೂ ತಗಡು ಅಲ್ಲೇ ಇತ್ತು, ಮಾತು ಎರಡೆರಡು ಸಲ ಕೇಳುತ್ತಲೇ ಇತ್ತು. ಆದರೆ ಇಡೀ ದಿನದ ಮಾತಿನಲ್ಲಿ ಆ ಇಪ್ಪತ್ತು ನಿಮಿಷದ ಗದ್ದಲ ಕರಗಿಹೋಗುತ್ತಿತ್ತು, ಹರಳು ತಲೆ ಕೂಡ ಎತ್ತುತ್ತಿರಲಿಲ್ಲ. ಅವನು ಗುಂಡಿ ಬಲಕ್ಕೆ ತಿರುವಿದ ಮೇಲೆ ಹರಳು ಪ್ರತಿ ಪಿಸುಮಾತಿಗೂ ಹೊರಳತೊಡಗಿತ್ತು. ಗಡಿಯಾರ ನಡುಗಿತು, ಅದರಿಂದ ಅಳೆದ ಚುಕ್ಕಿಯೂ ನಡುಗಿದಂತೆ ಕಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಂಗರಾಜ ಆಕಾಶವನ್ನೇ ಡೊಂಕು ಅಂದಿದ್ದ.

ಅಭ್ಯಾಸಬಲದಿಂದ ಅಕ್ಕೋರ ಮುಖ ನೋಡಿದ. ಅವರು ಒಲೆಯ ಕಡೆ ತಿರುಗಿದ್ದರು.

ಕೂಸು ಇರಲಿಲ್ಲ. ಇಷ್ಟು ದಿನ ಇದೆ ಅಂದುಕೊಂಡಿದ್ದ ಕೂಸು ಸತ್ತಷ್ಟೇ ದುಃಖವಾಯಿತು ಅವನಿಗೆ.

ದುಃಖದ ಹಿಂದೆಯೇ ಸಿಟ್ಟು ಬಂತು. ಬಡವನ ಕೋಪ ದವಡೆಗೆ ಮೂಲ. ಮಧ್ಯಾಹ್ನ ಮೂರನೆಯ ಕೋಣೆಗೆ ಹೋದವನೇ ಆಂಟೆನಾದ ಕೇಬಲ್ಲನ್ನೇ ಕಿತ್ತು ಬಿಸಾಕಿದ. ಉಪಗ್ರಹದ ಮಾತು ಕೇಳಿ ಅಲ್ಲವೇ ಈ ಗತಿ ಬಂದದ್ದು? ಇನ್ನು ಯಾರ ಮಾತೂ ಬೇಡ. ಹರಳು ತನ್ನಷ್ಟಕ್ಕೆ ತಾನು ನಡೆಯಲಿ.

ಹರಳು ನಡೆಯಿತು. ತಗಡು ಇದ್ದರೂ ನಡುಕವಿಲ್ಲ, ತೂಗಾಟವಿಲ್ಲ. ಇಷ್ಟು ಸಮವಾದ ಬಡಿತವನ್ನು ನಿಂಗರಾಜ ಅಲ್ಲಿಯವರೆಗೆ ಕಂಡಿರಲಿಲ್ಲ.

ಅವನೂ ಯಾರ ಕೂಡ ಮಾತಾಡಲಿಲ್ಲ. ಅವ್ವನ ಫೋನು ಎತ್ತಲಿಲ್ಲ. ಅಕ್ಕೋರು ಎದುರಾದರೆ ಕಣ್ಣು ನೆಲಕ್ಕೆ. ರೊಟ್ಟಿ ಬಡಿಯುವಾಗ ಗೋಡೆಗೆ ಮುಖ ಮಾಡಿ ಕೂತ. ಹೀಗೆ ಒಂಬತ್ತು ದಿನ. ಸುಳ್ಳೇಕೆ ಹೇಳಬೇಕು, ಅವನಿಗೆ ಅದು ನೆಮ್ಮದಿ ಅನ್ನಿಸಿತು.

ರೊಟ್ಟಿಯೂ ಈಗ ಒಂದೇ ಸಮ ಆಗುತ್ತಿತ್ತು. ಆದರೆ ದಿನದಿಂದ ದಿನಕ್ಕೆ ಒಂದೊಂದು ಚೂರು ದಪ್ಪ. ಒಂಬತ್ತನೆಯ ದಿನ ಉಳಿದ ಶಿಷ್ಯರು ಅದನ್ನು ಮುರಿಯಲು ಮೊಣಕಾಲು ಊರಬೇಕಾಯಿತು. ಬಡಿದವನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಆ ಒಂಬತ್ತನೆಯ ದಿನ ಸೋಮವಾರ. ಬೆಳಿಗ್ಗೆ ಬೇರೊಂದು ಊರಿನ ಕೇಂದ್ರದಿಂದ ಸುದ್ದಿ ಬಂತು. ಅವರೂ ಅದೇ ಚುಕ್ಕಿಯನ್ನು ಕೇಳುವವರು. ನಿಮ್ಮ ಬಡಿತ ಒಂದು ವಾರದಿಂದ ನಮ್ಮದಕ್ಕಿಂತ ತಡವಾಗಿ ಬರುತ್ತಿದೆ, ದಿನಾ ಇನ್ನಷ್ಟು ತಡ, ದಾರಿ ತಪ್ಪಿದ್ದು ನೀವೋ ನಾವೋ ಎಂದು ಕೇಳಿದ್ದರು. ಅಕ್ಕೋರು ಅದನ್ನು ಓದಿ ಪೆಟ್ಟಿಗೆಯ ಮೇಲೆ ಇಟ್ಟು ಹೋದರು. ನಿಂಗರಾಜ ಓದಿದ. ಓದಿ ಅಲ್ಲೇ ಬಿಟ್ಟ.

ಸೋಮವಾರ ಸಂಜೆ ಮಠದಲ್ಲಿ ಭಜನೆ. ಕೆಳಗಿನ ಹಳ್ಳಿಯಿಂದ ಮಲ್ಲೇಶಪ್ಪ ತನ್ನ ಪೇಟಿ ಹೊತ್ತು ಬರುವನು. ಆ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಅಕ್ಕೋರು ಹಾಡುವರು, ನಿಂಗರಾಜ ತಂಬೂರಿ ಮೀಟುವನು. ಯಾವಾಗಲೂ ಪೇಟಿಯ ಸ್ವರ ಕೇಳಿಕೊಂಡೇ ತಂಬೂರಿ ಕೂಡಿಸುವುದು. ಅಂದು ಅಕ್ಕೋರು ಮಲ್ಲೇಶಪ್ಪ ಬರುವ ಮುಂಚೆಯೇ ತಂಬೂರಿ ಅವನ ಕೈಗೆ ಕೊಟ್ಟು, ಒಳಗೆ ಕೂತು ಕೂಡಿಸಿಕೊಂಡು ಬಾ ಅಂದರು.

ಅವನ ಕಿವಿ ಚೊಕ್ಕ. ಒಳಗೆ ಒಬ್ಬನೇ ಕೂತು ನಾಲ್ಕೂ ತಂತಿಗಳನ್ನು ಒಂದಕ್ಕೊಂದು ಕೂಡಿಸಿದ. ಕೋಣೆಯೆಲ್ಲ ತುಂಬಿಕೊಂಡಿತು. ಹೆಮ್ಮೆಯಿಂದ ಹೊರಗೆ ತಂದ.

ಮಲ್ಲೇಶಪ್ಪ ಪೇಟಿಯ ಮೇಲೆ ಬೆರಳಿಟ್ಟ. ಪೇಟಿಯ ಸ್ವರ ಒಂದು ಕಡೆ ನಿಂತಿತು, ತಂಬೂರಿ ಇನ್ನೊಂದು ಕಡೆ. ನಡುವೆ ಹುಳಿ ಹಿಂಡಿದ ಹಾಗಾಯಿತು.

"ತಂಬೂರಿ ತನ್ನಷ್ಟಕ್ಕ ತಾ ಭಾಳ ಚಲೋ ಐತಿ," ಅಂದ ಮಲ್ಲೇಶಪ್ಪ. "ನಮ್ಮ ಕೂಡ ಕೂಡವಲ್ದು, ಅಷ್ಟ."

ಅಕ್ಕೋರು ಹಾಡು ಎತ್ತಿಕೊಂಡರು. ನಿಂಗರಾಜ ಗಾಬರಿಯಿಂದ ತಂಬೂರಿಯ ಕಿವಿ ತಿರುವತೊಡಗಿದ. ಪೇಟಿಯ ಒಂದೊಂದು ಸ್ವರ ಕೇಳಿದಾಗಲೂ ಒಂದೊಂದು ಚೂರು ಬಿಗಿದ, ಒಂದೊಂದು ಚೂರು ಸಡಿಲಿಸಿದ. ಶ್ರುತಿ ಹಾವಿನಂತೆ ಹರಿದಾಡಿತು. ಎರಡನೆಯ ಸಾಲಿಗೆ ಅಕ್ಕೋರು ನಿಲ್ಲಿಸಿ, ಅವನ ಕೈಯನ್ನು ಮೆಲ್ಲಗೆ ತಂಬೂರಿಯ ಕಿವಿಯಿಂದ ಬಿಡಿಸಿದರು.

"ನಾ ಹಾಡಾಕ ಹತ್ತೀನಿ, ನಿಂಗರಾಜ. ನಡುವ ಕಿವಿ ಹಿಂಡಿದ್ರ ನಾ ಯಾವ ಸಾ ಹಿಡೀಲಿ?"

"ಮತ್ತ ಯಾವಾಗ ಹಿಂಡಲ್ರಿ?"

ಒಂಬತ್ತು ದಿನದಲ್ಲಿ ಅವನು ಅವರೊಡನೆ ಆಡಿದ ಮೊದಲ ಮಾತು ಅದು.

"ಹಾಡಿಗೆ ಮೊದಲ ಒಮ್ಮೆ. ಹಾಡು ಮುಗದ ಮ್ಯಾಲ ಒಮ್ಮೆ. ನಡುವ ತಂಬೂರಿ ನಂಬು."

ಮಲ್ಲೇಶಪ್ಪ ಎಲೆ ಅಡಿಕೆ ಜಗಿಯುತ್ತ ನಕ್ಕ. ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ ಅಂದ. "ಇಬ್ಬರ ಮಾತೂ ಕೇಳಬೇಕಪಾ. ಆದ್ರ ತಾಯಿ ಮಾತಾಡೂ ಮುಂದ ತಂದಿ ಬಾಯಿ ಹಾಕಬಾರದು, ತಂದಿ ಮಾತಾಡೂ ಮುಂದ ತಾಯಿ ಬಾಯಿ ಹಾಕಬಾರದು. ನಮ್ಮನ್ಯಾಗ ಅದೊಂದು ಆಗವಲ್ದು, ಆ ಮಾತು ಬ್ಯಾರೆ."

ಪೇಟಿಯ ಸ್ವರ ಹಿಡಿದು ಹೊಸದಾಗಿ ತಂಬೂರಿ ಕೂಡಿಸಿದರು. ಮೂರು ಹಾಡಾದವು. ಮೂರನೆಯ ಹಾಡಿನಲ್ಲಿ ನಿಂಗರಾಜ ಕಣ್ಣು ಮುಚ್ಚಿಕೊಂಡು ಮೀಟಿದ.

ಮಲ್ಲೇಶಪ್ಪ ಹೊಳೆಯ ದಾರಿ ಹಿಡಿದ ಮೇಲೆ ನಿಂಗರಾಜ ಮೂರನೆಯ ಕೋಣೆಗೆ ಹೋದ. ಹೊರಗೆ ಇನ್ನೂ ಬೆಳಕಿತ್ತು. ನೆಲದ ಮೇಲೆ ಬಿದ್ದಿದ್ದ ಕೇಬಲ್ಲನ್ನು ಎತ್ತಿ, ಧೂಳು ಒರೆಸಿ, ಪೆಟ್ಟಿಗೆಗೆ ಸಿಕ್ಕಿಸಿದ. ಪರದೆಯ ಮೇಲೆ ಅಂತರ ಸಾವಿರಗಟ್ಟಲೆ ತೋರಿಸಿತು. ಒಂಬತ್ತು ದಿನದಲ್ಲಿ ಹರಳು ಅಷ್ಟು ದೂರ ಹೋಗಿತ್ತು, ಒಂದೇ ಸಮನೆ ನಡೆಯುತ್ತ.

ಗುಂಡಿಯನ್ನು ಎಡಕ್ಕೆ ತಿರುವಿದ. ಅಕ್ಕೋರು ಇಡುತ್ತಿದ್ದ ಗುರುತಿಗೆ ಬಂದಾಗ ಕೈ ನಿಂತಿತು. ಹರಳನ್ನು ಇಷ್ಟು ದೂರದಿಂದ ಮನೆಗೆ ತರಬೇಕು, ಆದರೆ ಓಡಿಸಬಾರದು. ಎಷ್ಟಕ್ಕೆ ಇಡಲಿ ಎಂದು ಕೇಳಬೇಕೆಂದು ತಲೆ ಬಾಗಿಲ ಕಡೆ ಹೊರಳಿತು. ಅರ್ಧಕ್ಕೆ ತಡೆದುಕೊಂಡ. ಸ್ವಲ್ಪ ಹೊತ್ತು ಯೋಚಿಸಿ, ಆ ಗುರುತಿಗಿಂತ ಒಂದು ಕೂದಲು ಬಲಕ್ಕೆ ಇಟ್ಟು ಕೈ ತೆಗೆದ.

ಪರದೆಯ ಅಂಕಿ ಇಳಿಯಲಿಲ್ಲ. ಇಳಿಯಲು ದಿನಗಳೇ ಬೇಕು. ಅದು ಕಣ್ಣಿಗೆ ಚುಚ್ಚಿತು. ಚುಚ್ಚಲಿ ಎಂದು ಬಿಟ್ಟ.

ತಿರುಗಿದರೆ ಬಾಗಿಲಲ್ಲಿ ಅಕ್ಕೋರು. ಕಂಕುಳಲ್ಲಿ ದಪ್ಪ ಪುಸ್ತಕ, ಒಂದು ಕೈಯಲ್ಲಿ ಅವನ ಕಾಗದ, ಇನ್ನೊಂದರಲ್ಲಿ ಪೆನ್ನು.

"ಮಂಡಲ ಮುಗೀತು. ಸಹಿ ಹಾಕ್ಲೇನು?"

ನಿಂಗರಾಜ ಕಾಗದ ಇಸಿದುಕೊಂಡ. ಹೆಸರಿಗೆಂದು ಬಿಟ್ಟ ಖಾಲಿ ಜಾಗವನ್ನು ನೋಡುತ್ತ ನಿಂತ.

"ಕೂಸಿಗೆ ನಿಮ್ಮ ಹೆಸರು ಇಡಬೇಕಂತ ಮಾಡಿದ್ದೆ ರಿ. ಇಂದುಮತಿ ಅಂತ."

ಅಕ್ಕೋರು ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅವರಿಗೆ ನೋವಾಯಿತೋ ಸಂತೋಷವಾಯಿತೋ ನಿಂಗರಾಜನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಅವನು ಅವರ ಮುಖ ನೋಡಲಿಲ್ಲ.

"ಇದ್ದಿದ್ರ ಚಲೋ ಇತ್ತು," ಅಂದರು ಅಕ್ಕೋರು.

ಅವನು ಕಾಗದವನ್ನು ನಾಲ್ಕಾಗಿ ಹರಿದು ಜೇಬಿನಲ್ಲಿಟ್ಟುಕೊಂಡ. ಅಕ್ಕೋರು ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿದರು. ಯುಗಾದಿಯ ಮರುದಿನದಿಂದ ಇಂದಿನವರೆಗೆ ನಲವತ್ತೆಂಟು ಸಾಲು. ಮೊದಲ ಮೂವತ್ತೊಂಬತ್ತು ನಡುಗುವ ಗಡಿಯಾರದಿಂದ ಅಳೆದವು, ಕೊನೆಯ ಒಂಬತ್ತು ತಡವಾದವು. ಅಷ್ಟನ್ನೂ ಹೊಡೆದುಹಾಕಿಬಿಡಿ ಎಂದು ಅವನು ಕೇಳಿಕೊಂಡ. ಅವರು ಹೊಡೆದುಹಾಕಲಿಲ್ಲ. ಕೆಳಗೆ ಒಂದು ಸಾಲು ಬರೆದರು: ಈ ನಲವತ್ತೆಂಟು ದಿನದ್ದು ಚುಕ್ಕಿಯ ತಪ್ಪಲ್ಲ.

ತನ್ನ ಹೆಸರನ್ನು ಅಲ್ಲಿ ಬರೆಯಿರಿ ಅಂದ. ಚುಕ್ಕಿಯ ಪುಸ್ತಕದಲ್ಲಿ ಚುಕ್ಕಿಯ ಸುದ್ದಿ ಮಾತ್ರ ಅಂದರು ಅವರು.

ಅವನು ಆ ಸಾಲನ್ನೇ ನೋಡುತ್ತಿದ್ದ. ತಾಯಿ ತೀರಿಕೊಂಡ ದಿನವೂ ನೆಟ್ಟಗೆ ಬರೆದ ಕೈ ಅದು. ಕಣ್ಣಲ್ಲಿ ನೀರು ಬಂತು.

"ಇಪ್ಪತ್ತೇಳು ವರ್ಷದಾಗ ಒಮ್ಮೆನೂ ಹಿಂಗ ಆಗಿರಲಿಲ್ರಿ. ಸಂತಿಯಿಂದ ಬಂದ ದಿನಾನ ನೀವು ಗುಂಡಿ ನೋಡಿದ್ರಿ. ಅವತ್ತ ಒಂದು ಮಾತು ಹೇಳಿದ್ರ ಇಷ್ಟೂ ದಿನ ಉಳೀತಿದ್ದುವಲ್ರಿ, ಅಕ್ಕೋರ. ಯಾಕ ಹೇಳಲಿಲ್ಲ?"

ಅಕ್ಕೋರು ಪೆನ್ನಿನ ಮುಚ್ಚಳ ಹಾಕಿದರು. ಪುಸ್ತಕ ಮುಚ್ಚಿದರು.

"ಹೇಳಿದ್ರ ನೀ ಅವತ್ತ ಸರಿ ಆಗ್ತಿದ್ದಿ," ಅಂದರು. "ಮರುದಿನಾ ಮತ್ತ ನನ್ನ ಮಾರಿ ನೋಡ್ತಿದ್ದಿ."